ಹಳೆಯ ಡೆಸ್ಕ್‌ಟಾಪಿನ ಡಿವಿಡಿ ಡ್ರೈವ್ ಕೆಟ್ಟಿದೆ ಎನ್ನುವ ಮೊದಲು

ಮದುವೆ, ಉಪನಯನ, ಗೃಹಪ್ರವೇಶಗಳ ಸಿಡಿಗಳು ಬಹಳಷ್ಟು ಮನೆಗಳ ಬೀರುವಿನಲ್ಲಿ ಇನ್ನೂ ಉಳಿದಿವೆ. ಅವನ್ನು ಓದಬಲ್ಲ ಯಂತ್ರವೆಂದರೆ ಅಟ್ಟ ಸೇರಿರುವ ಹಳೆಯ ಡೆಸ್ಕ್‌ಟಾಪ್ ಒಂದೇ. ಅದನ್ನು ಇಳಿಸಿ ಚಾಲೂ ಮಾಡಿದಾಗ ಡ್ರೈವ್ ತೆರೆಯದಿದ್ದರೆ ಅಥವಾ ‘ಮೈ ಕಂಪ್ಯೂಟರ್’ನಲ್ಲಿ ಕಾಣದಿದ್ದರೆ ತಕ್ಷಣ ಗುಜರಿಗೆ ಹಾಕಬೇಕಾಗಿಲ್ಲ. ನಾನು ಬಿಚ್ಚಿ ನೋಡಿದವುಗಳಲ್ಲಿ ಹೆಚ್ಚಿನವುಗಳ ತೊಂದರೆ ಕೇಬಲ್, ಬೆಲ್ಟ್ ಅಥವಾ ಧೂಳಿನದಾಗಿತ್ತು.

ಮೊದಲು ಗುಂಡಿ ಒತ್ತಿ ನೋಡಿ. ಟ್ರೇ ಹೊರಬಂದರೆ ಡ್ರೈವ್‌ಗೆ ವಿದ್ಯುತ್ ತಲುಪುತ್ತಿದೆ ಎಂದರ್ಥ. ಆದರೂ ಕಂಪ್ಯೂಟರ್ ಅದನ್ನು ಗುರುತಿಸದಿದ್ದರೆ ಡೇಟಾ ಕೇಬಲ್‌ನತ್ತ ಗಮನ ಹರಿಸಬೇಕು. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಪಕ್ಕದ ಮುಚ್ಚಳ ತೆಗೆಯಿರಿ. ಏಳು ಸಂಪರ್ಕಗಳ ತೆಳು ಕೇಬಲ್ ಇದ್ದರೆ ಅದು ಸಾಟಾ ಎಂಬ ಬಗೆಯ ಜೋಡಣೆ. ಅದನ್ನು ಎರಡೂ ತುದಿಗಳಲ್ಲಿ ಬಿಚ್ಚಿ ಮತ್ತೆ ಒತ್ತಿ ಕೂರಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಅಗಲವಾದ ಪಟ್ಟಿಯಂತಹ ಕೇಬಲ್ ಇದ್ದರೆ ಅದು ಐಡಿಇ ಎಂಬ ಹಳೆಯ ಬಗೆಯ ಜೋಡಣೆ, ಅಲ್ಲಿ ಕೆಲಸ ಸ್ವಲ್ಪ ಹೆಚ್ಚು. ಒಂದೇ ಕೇಬಲ್‌ನಲ್ಲಿ ಎರಡು ಸಾಧನಗಳು ಕೂರಬಹುದಾದ್ದರಿಂದ ಒಂದು ‘ಮಾಸ್ಟರ್’, ಇನ್ನೊಂದು ‘ಸ್ಲೇವ್’ ಆಗಿರಲೇಬೇಕು; ಇದನ್ನು ನಿರ್ಧರಿಸುವುದು ಡ್ರೈವ್‌ನ ಹಿಂಬದಿಯಲ್ಲಿರುವ, ಎರಡು ಪಿನ್‌ಗಳನ್ನು ಬೆಸೆಯುವ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕ್ಲಿಪ್, ಅಂದರೆ ಜಂಪರ್. ಹಾರ್ಡ್ ಡಿಸ್ಕ್ ಮತ್ತು ಡಿವಿಡಿ ಡ್ರೈವ್ ಎರಡೂ ಮಾಸ್ಟರ್ ಆಗಿದ್ದರೆ ಒಂದು ಕಾಣುವುದಿಲ್ಲ, ಕೆಲವೊಮ್ಮೆ ಎರಡೂ ಕಾಣುವುದಿಲ್ಲ. ಸಾಧ್ಯವಾದರೆ ಎರಡಕ್ಕೂ ಬೇರೆ ಬೇರೆ ಕೇಬಲ್ ಕೊಡುವುದೇ ನೆಮ್ಮದಿ. 80 ತಂತಿಗಳ ಕೇಬಲ್‌ನಲ್ಲಿ ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ. ಕೇಬಲ್‌ನ ಬಣ್ಣದ ಅಂಚು ಸಾಮಾನ್ಯವಾಗಿ ವಿದ್ಯುತ್ ಸಾಕೆಟ್‌ನ ಕಡೆಗೆ ಇರುತ್ತದೆ. ಪಿನ್ ಬಾಗಿದ್ದರೆ ಲೆಡ್ ತೆಗೆದ ಕ್ಲಿಕ್ ಪೆನ್ಸಿಲ್‌ನ ಲೋಹದ ಮೂತಿಯನ್ನು ಅದರ ಮೇಲೆ ತೊಡಿಸಿ ನಿಧಾನವಾಗಿ ನೇರ ಮಾಡಬಹುದು.

ಮತ್ತೆ ಚಾಲೂ ಮಾಡುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ, ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಯಾದ ಬಯೋಸ್ ತೆರೆಯಿರಿ. ಅಲ್ಲಿ ಡ್ರೈವ್‌ನ ಹೆಸರು ಕಂಡರೆ ಜೋಡಣೆ ಸರಿಯಿದೆ, ಉಳಿದದ್ದು ವಿಂಡೋಸ್‌ಗೆ ಸೇರಿದ ವಿಷಯ. ಪ್ರತಿ ಬಾರಿಯೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಿದೆ ಎಂದು ತಿಳಿದು ಮೊದಲು ಅದನ್ನು ಬದಲಿಸಿ. ಡ್ರೈವ್ ಕಾಣುತ್ತದೆ, ಆದರೆ ಆಮೆಯಂತೆ ಓದುತ್ತದೆ ಎಂದಾದರೆ, ಗೀರು ಬಿದ್ದ ಡಿಸ್ಕ್‌ಗಳಿಂದ ಪದೇಪದೇ ದೋಷ ಕಂಡ ವಿಂಡೋಸ್ ಎಕ್ಸ್‌ಪಿ ಅದನ್ನು ಪಿಐಒ ಎಂಬ ನಿಧಾನವಾದ ಮಾಹಿತಿ ಸಾಗಣೆಯ ವಿಧಾನಕ್ಕೆ ಇಳಿಸಿರುವ ಸಾಧ್ಯತೆ ಇದೆ; ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಡ್ರೈವ್ ಇರುವ ಐಡಿಇ ಚಾನೆಲ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವೇಗ ಮರಳುತ್ತದೆ.

ಟ್ರೇಯೇ ಬಾರದಿದ್ದರೆ, ಪ್ಲಗ್ ಕಿತ್ತ ಮೇಲೆ, ನೇರ ಮಾಡಿದ ಪೇಪರ್ ಕ್ಲಿಪ್ ಅನ್ನು ಮುಂಭಾಗದ ಸಣ್ಣ ರಂಧ್ರದಲ್ಲಿ ತೂರಿಸಿ ಒತ್ತಿ. ಮೋಟರಿನ ಸದ್ದು ಕೇಳಿಸುತ್ತಿದ್ದೂ ಟ್ರೇ ಅಲುಗದಿದ್ದರೆ ಒಳಗಿನ ಪುಟ್ಟ ರಬ್ಬರ್ ಬೆಲ್ಟ್ ಸಡಿಲಗೊಂಡು ಜಾರುತ್ತಿರುತ್ತದೆ. ಬೆಲ್ಟ್ ಮತ್ತು ರಾಟೆಯ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಅದು ಇನ್ನಷ್ಟು ದಿನ ಬಾಳುತ್ತದೆ. ಲೆನ್ಸ್‌ಗೂ ಅದೇ ದ್ರವ ಸಾಕು, ಆದರೆ ಹತ್ತಿಯ ಕಡ್ಡಿಯನ್ನು ಒತ್ತಬಾರದು, ಏಕೆಂದರೆ ಲೆನ್ಸ್ ಕೂದಲೆಳೆಯಷ್ಟು ತೆಳುವಾದ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ಮುಚ್ಚಳ ತೆಗೆದ ಡ್ರೈವ್‌ಗೆ ವಿದ್ಯುತ್ ಕೊಟ್ಟು ಒಳಗೆ ಇಣುಕುವುದಂತೂ ಕಣ್ಣಿಗೆ ಅಪಾಯ. ಸಿಡಿಗೆ 780, ಡಿವಿಡಿಗೆ 650 ನ್ಯಾನೊಮೀಟರ್‌ನ ಲೇಸರ್ ಬೇಕಾದ್ದರಿಂದ, ಶುಚಿಗೊಳಿಸಿದ ಮೇಲೂ ಒಂದು ಬಗೆಯ ಡಿಸ್ಕ್ ಓದಿ ಇನ್ನೊಂದನ್ನು ನಿರಾಕರಿಸುವ ಡ್ರೈವ್‌ನ ಒಂದು ಲೇಸರ್ ಸವೆದಿರಬಹುದು. ಅಂತಹ ಡ್ರೈವನ್ನೇ ಬದಲಿಸುವುದು ಸರಿ.

ಡಿಸ್ಕನ್ನು ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಅಲ್ಲ. ಸಿಡಿಯಲ್ಲಿ ಮಾಹಿತಿಯ ಪದರ ಹೆಸರು ಬರೆಯುವ ಬದಿಯ ಕೆಳಗೇ ಇರುವುದರಿಂದ ಆ ಬದಿಯ ಗೀರು ಹೆಚ್ಚು ಹಾನಿಕರ ಎಂಬುದು ಅನೇಕರಿಗೆ ಗೊತ್ತಿಲ್ಲ. ಮದುವೆಯ ವಿಡಿಯೊ ಸಿಡಿಯಲ್ಲಿ ‘ಎಂಪಿಇಜಿಎವಿ’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಡ್ಯಾಟ್ ಕಡತವನ್ನು ಹಾರ್ಡ್ ಡಿಸ್ಕ್‌ಗೆ ನಕಲಿಸಿಕೊಂಡರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ನೇರವಾಗಿ ನೋಡಬಹುದು. ನಕಲು ನಡುವೆ ನಿಂತರೆ ಡಿಸ್ಕ್ ತೆಗೆದು ಮತ್ತೊಮ್ಮೆ ಒರೆಸಿ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಅದೇ ಡಿಸ್ಕನ್ನು ಬೇರೊಂದು ಡ್ರೈವ್‌ನಲ್ಲಿ ಹಾಕಿ ನೋಡಿ, ಒಂದು ಓದಲಾರದ್ದನ್ನು ಇನ್ನೊಂದು ಸಲೀಸಾಗಿ ಓದಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.