ಗಟ್ಟಿಯೋ ತೆಳುವೋ, ಹದ ಗೊತ್ತಿರಲಿ

ಒಲೆ ಮೇಲೆ ಹದವಾಗಿ ಕಂಡ ಹುಳಿ ಊಟಕ್ಕೆ ಕೂರುವ ಹೊತ್ತಿಗೆ ಮುದ್ದೆಯಂತಾಗಿರುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಆಗ ಮೇಲಿಂದ ತಣ್ಣೀರು ಸುರಿದು ರುಚಿ ಕೆಡಿಸುತ್ತಾರೆ. ಸಾರು, ಪಾಕ, ಎಣ್ಣೆ ಎಲ್ಲ ಬಿಸಿಯಿದ್ದಾಗ ಸಡಿಲ, ಆರಿದರೆ ಬಿಗಿ. ಅದಕ್ಕೇ ಹುಳಿಯನ್ನು ಬೇಕಾದ್ದಕ್ಕಿಂತ ಕೊಂಚ ತೆಳುವಾಗಿಯೇ ಇಳಿಸಿ. ಆಮೇಲೆ ನೀರು ಬೇಕೇ ಬೇಕು ಅಂದರೆ ಕುದಿಯುವ ನೀರು ಹಾಕಿ.

ಗಟ್ಟಿ ಅಂದರೆ ಭಾರ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹರಳೆಣ್ಣೆ ನೀರಿನ ಮೇಲೆ ತೇಲುತ್ತದೆ ಅಲ್ವಾ? ಅಷ್ಟು ಹಗುರ. ಆದರೆ ಬಾಟಲಿ ಬಗ್ಗಿಸಿದರೆ ನೂಲಿನಂತೆ ಎಳೆದುಕೊಂಡು ನಿಧಾನಕ್ಕೆ ಇಳಿಯುತ್ತದೆ. 20 ಡಿಗ್ರಿ ತಂಪಿನಲ್ಲಿ ಅದು ನೀರಿಗಿಂತ ಸುಮಾರು 1000 ಪಟ್ಟು ಮಂದ. ಹಳೇ ಥರ್ಮಾಮೀಟರಿನ ಪಾದರಸ ನೀರಿಗಿಂತ 13 ಪಟ್ಟಿಗೂ ಜಾಸ್ತಿ ಭಾರ, ಆದರೂ ಒಡೆದರೆ ಸರಸರ ಓಡುತ್ತದೆ. (ಕೈಯಲ್ಲಿ ಮುಟ್ಟಬೇಡಿ, ವಿಷ.) ಒಳಗಿನ ಕಣಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿವೆ, ಜಾರೋಕೆ ಎಷ್ಟು ತಕರಾರು ಮಾಡುತ್ತವೆ ಅನ್ನೋದೇ ಮುಖ್ಯ. ಬಿಸಿ ತಾಗಿದರೆ ಆ ಹಿಡಿತ ಸಡಿಲ. ಎಣ್ಣೆಸ್ನಾನದ ದಿನ ಹರಳೆಣ್ಣೆ ಬಟ್ಟಲನ್ನು ಬಿಸಿನೀರಲ್ಲಿ ಇಟ್ಟರೆ ಸಾಕು, ಅರ್ಧ ಎಣ್ಣೆಯಲ್ಲೇ ತಲೆಪೂರ್ತಿ ಹರಡುತ್ತದೆ.

ನಮ್ಮ ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಪಾಕದ ಗುಟ್ಟು ಹೇಳಬೇಕಿಲ್ಲ. ಕೊಪ್ಪರಿಗೆಯಲ್ಲಿ ಮೊದಲು ಕಬ್ಬಿನ ಹಾಲು ನೀರಿನಂತೆ ತುಳುಕುತ್ತದೆ. ನೀರು ಹಾರಿಹೋದಷ್ಟೂ ಗುಳ್ಳೆ ದಪ್ಪ, ನಿಧಾನ. ಉಳಿದ ನೀರನ್ನು ಸಕ್ಕರೆ ಅಂಶ ಹಿಡಿದಿಟ್ಟುಕೊಂಡಿರುತ್ತದೆ. ಜೇನು ಗಟ್ಟಿಯಿರೋದೂ ಇದಕ್ಕೇ. ಹಾಗಂತ ಗಟ್ಟಿಯಿದ್ದರೆ ಅಸಲಿ ಅಂತ ನಂಬಬೇಡಿ. ಸಕ್ಕರೆ ಪಾಕವನ್ನೂ ಅಷ್ಟೇ ಗಟ್ಟಿ ಕಾಯಿಸಬಹುದು.

ಹಿಟ್ಟಿನ ಜಾತಿಯೇ ಬೇರೆ. ಅದು ಗಟ್ಟಿಯಾಗೋಕೇ ಬಿಸಿ ಬೇಕು. ಹಿಟ್ಟಿನ ಕಣಗಳು ಬಿಸಿನೀರು ಕುಡಿದು ಊದಿಕೊಳ್ಳುತ್ತವೆ. ಒಣ ರಾಗಿಹಿಟ್ಟನ್ನು ಕುದಿಯುವ ನೀರಿಗೆ ಸುಮ್ನೆ ಸುರಿದರೆ ಹೊರಗಿನ ಪದರ ತಕ್ಷಣ ಊದಿ ಅಂಟಾಗುತ್ತದೆ, ಒಳಗಿನ ಹಿಟ್ಟಿಗೆ ನೀರೇ ಇಳಿಯೋದಿಲ್ಲ. ಗಂಟು ಬೀಳೋದು ಹೀಗೆ. ಅಂಬಲಿಗಾಗಲಿ, ಮಗುವಿನ ರಾಗಿ ಸರಿಗಾಗಲಿ, ಮೊದಲು ತಣ್ಣೀರಲ್ಲಿ ಕಲಸಿ. ಆಮೇಲೆ ಕುದಿಯುವ ನೀರಿಗೆ ಬಿಡಿ, ಕೈ ಬಿಡದೆ ತಿರುವುತ್ತಾ ಇರಿ.

ಮಗುವಿಗೆ ತಿನ್ನಿಸಿ ಮಿಕ್ಕ ಸರಿ ಸ್ವಲ್ಪ ಹೊತ್ತಿಗೆ ನೀರುನೀರಾಗಿರುತ್ತದೆ, ಗಮನಿಸಿದ್ದೀರಾ? ರಾಗಿಯದ್ದು ತಪ್ಪಲ್ಲ, ಚಮಚದ ಜೊತೆ ಬಂದ ಎಂಜಲಿನದು. ನಮ್ಮ ಬಾಯಿನೀರು ಹಿಟ್ಟಿನ ಅಂಶವನ್ನು ಒಡೆದುಹಾಕುತ್ತದೆ. ಹಿರಿಯರು ಎಂಜಲು ಸೌಟು ಅದ್ದಬೇಡ ಅಂತ ಗದರುತ್ತಿದ್ದದ್ದು ಬರೀ ಮಡಿಗೆ ಅಂತ ನಗಬೇಡಿ. ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಹಾಕಿಕೊಂಡು ತಿನ್ನಿಸಿ. ರುಚಿ ನೋಡೋಕೆ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಳ್ಳಿ.