ಮನೆಯಲ್ಲೇ ಓದು ಕಲಿಸುವುದು: ‘ಗರಗಸ’ದಿಂದ ಶುರು ಮಾಡಿ

ಮಗುವನ್ನು ಶಾಲೆಗೆ ಕಳಿಸುವುದಿಲ್ಲ, ಮೊದಲಿನಿಂದಲೂ ಮನೆಯಲ್ಲೇ ಕಲಿಸುತ್ತೇವೆ ಎಂದು ಹೊರಟ ನಾಲ್ಕಾರು ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಹಾಲ್‌ನ ಗೋಡೆಗೆ ಬೋರ್ಡು, ಪಕ್ಕದಲ್ಲಿ ಟೈಮ್‌ಟೇಬಲ್ಲು. ಒಂಬತ್ತಕ್ಕೆ ಕನ್ನಡ, ಹತ್ತಕ್ಕೆ ಗಣಿತ. ಒಂದು ಮನೆಯಲ್ಲಿ ಪೀರಿಯಡ್ ಮುಗಿದಾಗ ದೇವರ ಮನೆಯ ಗಂಟೆಯನ್ನೇ ಬಾರಿಸುತ್ತಿದ್ದರು. ಮೂರು ತಿಂಗಳಲ್ಲಿ ತಾಯಿಯ ಗಂಟಲು ಕೂತು, ಮಗು ಮಂಚದ ಕೆಳಗೆ ಸೇರಿಕೊಂಡಿತು. ನಾವೂ ಮಗಳ ವಿಷಯದಲ್ಲಿ ಮೊದಲ ವರ್ಷ ಹೀಗೇ ಎಡವಿದವರು. ಬೋರ್ಡಿಗೆ ಕೊಟ್ಟ ದುಡ್ಡು ಈಗಲೂ ನೆನಪಿದೆ.

ಹಂತ 1: ಯಾರು ಕಲಿಸುವುದು ಎಂದು ಗಂಡ ಹೆಂಡತಿ ಕೂತು ತೀರ್ಮಾನಿಸಿ. ‘ಇಬ್ಬರೂ’ ಎಂಬ ಉತ್ತರ ಬಂದರೆ ಹೆಂಡತಿಯೊಬ್ಬಳೇ ಎಂದು ಅರ್ಥ. ವಾರದ ಯಾವ ದಿನ, ಯಾವ ಹೊತ್ತು ಅಪ್ಪನದು ಎಂದು ಈಗಲೇ ಬರೆದಿಡಿ.

ಹಂತ 2: ಕಾನೂನು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆ ಏನೆಂದು ಹೇಳುವುದಿಲ್ಲ. ಹೋಂ ಸ್ಕೂಲಿಂಗ್ ಎಂಬ ಮಾತೇ ಅದರಲ್ಲಿಲ್ಲ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು 4ನೇ ಕಲಂ: ಶಾಲೆಗೇ ಸೇರದ ಮಗು ಆರು ದಾಟಿದ ಮೇಲೆ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಮುಂದೆಂದಾದರೂ ಮನಸ್ಸು ಬದಲಾಗಿ ಶಾಲೆಗೆ ಹೋದಾಗ ‘ಟಿ.ಸಿ. ಎಲ್ಲಿ?’ ಎಂದು ಕೇಳೇ ಕೇಳುತ್ತಾರೆ. ಆ ಕಲಮಿನ ಪ್ರತಿಯೊಂದು ಫೈಲಿನಲ್ಲಿರಲಿ, ಜನನ ಪ್ರಮಾಣಪತ್ರದ ಜೊತೆ.

ಹಂತ 3: ಐದು ತುಂಬುವವರೆಗೆ ಮಾತು, ಕತೆ, ಮಣ್ಣು, ಅಡುಗೆಮನೆ. ಅಷ್ಟೇ.

ಹಂತ 4: ಓದು. ಮುಗ್ಗರಿಸುವುದೆಲ್ಲ ಇಲ್ಲೇ. ದಯವಿಟ್ಟು ಅ, ಆ, ಇ, ಈ ಎಂದು ಸಾಲಾಗಿ ಶುರು ಮಾಡಬೇಡಿ. ವರ್ಣಮಾಲೆಯ ಜೋಡಣೆ ಉಚ್ಚಾರದ ಲೆಕ್ಕದ್ದು, ಓದು ಕಲಿಯುವ ಮಗುವಿಗಾಗಿ ಮಾಡಿದ್ದಲ್ಲ. ಙ, ಞ ದಾಟುವ ಹೊತ್ತಿಗೂ ಮಗು ತಾನಾಗಿ ಒಂದು ಪದ ಓದಿರುವುದಿಲ್ಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಹುಟ್ಟಿದ ‘ನಲಿ-ಕಲಿ’ ಎಂಬ ಕಲಿಕಾ ಪದ್ಧತಿ ಬೇರೆ ದಾರಿ ಹಿಡಿಯಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ರಸ, ದರ, ಅಗಸ, ಅರಸ ಎಲ್ಲ ಸಿಕ್ಕವು.

ಹಳೆಯ ಮದುವೆ ಕಾರ್ಡುಗಳ ಖಾಲಿ ಬದಿ ಕತ್ತರಿಸಿ, ಒಂದೊಂದರಲ್ಲಿ ಒಂದು ಅಕ್ಷರ ದಪ್ಪಗೆ ಬರೆಯಿರಿ. ‘ಗ’ ಎರಡು ಮಾಡಿ, ಇಲ್ಲದಿದ್ದರೆ ‘ಗರಗಸ’ ಆಗುವುದಿಲ್ಲ. ನಮ್ಮವಳು ಆ ನಾಲ್ಕು ಕಾರ್ಡಿನ ಮೇಲೆ ಬೆರಳಿಟ್ಟು ಗ… ರ… ಗ… ಸ… ಎಂದು ನಾಲ್ಕು ಸಲ ಹೇಳಿದಳು. ಐದನೆಯ ಸಲ ಸುಮ್ಮನಾದಳು. ಆಮೇಲೆ ‘ಅಮ್ಮಾ, ಗರಗಸ! ಬಡಗಿ ಮಾಮನ ಹತ್ರ ಇರೋದು!’ ಎಂದು ಕೂಗಿದಳು. ಆ ವಾರವೆಲ್ಲ ಸ್ಕೇಲು ಹಿಡಿದು ಕುರ್ಚಿಯ ಕಾಲು ಕೊಯ್ದಳು. ಅವಳು ಸುಮ್ಮನಾದ ಆ ಗಳಿಗೆಯಲ್ಲಿ ನಾನು ಬಾಯಿ ಹಾಕಲಿಲ್ಲ. ನೀವೂ ಹಾಕಬೇಡಿ, ಅಜ್ಜಿಯರಿಗೆ ಮೊದಲೇ ಹೇಳಿಟ್ಟಿರಿ.

ಕಾಗುಣಿತವನ್ನೂ ಬಾಯಿಪಾಠ ಮಾಡಿಸಬೇಡಿ. ಕ ಕಾ ಕಿ ಕೀ ಎಂದು ಒಂದೇ ಅಕ್ಷರವನ್ನು ಜಗ್ಗಾಡುವ ಬದಲು, ಒಂದು ಚಿಹ್ನೆ ಹಿಡಿದು ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿ. ಇಳಿ ಹಚ್ಚಿದರೆ ‘ದರ’ ದಾರವಾಯಿತು, ‘ಸರ’ ಸಾರವಾಯಿತು. ಅದರ ರಕಾರಕ್ಕೆ ಕೊಂಬು ಹಚ್ಚಿದರೆ ಸಾರು, ಊಟಕ್ಕೇ ಬಂತು. ಎರಡು ವಾರಕ್ಕೆ ಒಂದು ಚಿಹ್ನೆ ಸಾಕು.

ಒತ್ತಕ್ಷರಕ್ಕೆ ಬಂದಾಗ ಎಲ್ಲರೂ ‘ಅಮ್ಮ’ನಿಂದ ಶುರು ಮಾಡುತ್ತಾರೆ. ತಪ್ಪು. ಮಕಾರದ ಒತ್ತು ಮಕಾರದಂತೆ ಕಾಣುವುದೇ ಇಲ್ಲ. ತ, ನ, ಯ, ರ, ಲ ಒತ್ತುಗಳದೂ ಇದೇ ಕತೆ. ಮೊದಲು ಅಕ್ಕ, ಅಜ್ಜ, ಹಬ್ಬ, ಮಗ್ಗ, ಕಪ್ಪೆ ಓದಿಸಿ. ಇವುಗಳಲ್ಲಿ ಮೇಲಿನ ಅಕ್ಷರವೇ ಕೆಳಗೆ ಚಿಕ್ಕದಾಗಿ ಕೂತಿರುತ್ತದೆ. ಆಮೇಲೆ ಅನ್ನ, ಅತ್ತೆ, ಹಲ್ಲು, ಅಮ್ಮ. ಅರ್ಕಾವತ್ತಿಗೆ ಆತುರ ಬೇಡ. ಅಕ್ಷರದ ನಂತರ ಬರೆದದ್ದನ್ನು ಅದಕ್ಕಿಂತ ಮೊದಲೇ ಓದಬೇಕೆಂಬುದು ಮಗುವಿಗೆ ಮೋಸದಂತೆ ಕಾಣುತ್ತದೆ.

ಅಂದಹಾಗೆ, ಅಯಸ್ಕಾಂತ ಅಂಟಿಸಿದ ಪ್ಲಾಸ್ಟಿಕ್ ಅಕ್ಷರಗಳ ಡಬ್ಬಿ ಕೊಳ್ಳಬೇಡಿ. ನಾವು ತಂದದ್ದರಲ್ಲಿ ಕಾಗುಣಿತದ ಚಿಹ್ನೆಯೂ ಇಲ್ಲ, ಒತ್ತೂ ಇಲ್ಲ. ವರ್ಷದ ಚಂದಾ ಕಟ್ಟಿದ ಆ್ಯಪ್‌ನಲ್ಲಿ ದ, ಧ ಎರಡೂ ಒಂದೇ ತರ ಕೇಳುತ್ತಿದ್ದವು. ಚಿತ್ರಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ಸಾಕು. ಕನ್ನಡದ ರಾಶಿ ಪುಸ್ತಕಗಳಿವೆ, ದುಡ್ಡಿಲ್ಲ.

ಹಂತ 5: ಬರವಣಿಗೆ ತಡವಾಗಲಿ. ವಿಜಯದಶಮಿಗೆ ಅಕ್ಕಿಯ ಮೇಲೆ ಬರೆಸಿದ್ದನ್ನೇ ಮುಂದುವರಿಸಿ, ಅಕ್ಕಿಯ ಬದಲು ಚಿರೋಟಿ ರವೆ ಹರಡಿ. ಗೆರೆ ಸ್ಪಷ್ಟವಾಗಿ ಬೀಳುತ್ತದೆ. ಕಾಪಿ ಪುಸ್ತಕ ಏಳರವರೆಗೆ ಬೇಡ.

ಹಂತ 6: ಗಣಿತಕ್ಕೆ ಅಳಗುಳಿಮಣೆ, ಚೌಕಾಬಾರ, ತರಕಾರಿ ಅಂಗಡಿಯ ಚಿಲ್ಲರೆ.

ಹಂತ 7: ಸಂಜೆ ಮಗು ಬೇರೆ ಮಕ್ಕಳ ಜೊತೆ ಬೀದಿಯಲ್ಲೋ ಪಾರ್ಕಿನಲ್ಲೋ ಇರಲೇಬೇಕು. ಇದರಲ್ಲಿ ರಾಜಿ ಇಲ್ಲ.

ಹಂತ 8: ‘ಮುಂದೆ ಎಸ್ಸೆಸ್ಸೆಲ್ಸಿ ಗತಿ ಏನು?’ ಎಂದು ಚಿಕ್ಕಪ್ಪ ಕೇಳಿದರೆ ಎನ್‌ಐಒಎಸ್ ಎನ್ನಿ. ಕೇಂದ್ರ ಸರ್ಕಾರದ ಈ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಬಹುದು. ಮಗುವಿಗೆ ನಾಲ್ಕು ವರ್ಷವಿರುವಾಗಲೇ ಅದರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪ್ರಿಂಟ್ ತೆಗೆಸಿಟ್ಟ ಅಪ್ಪನೊಬ್ಬನನ್ನೂ ನೋಡಿದ್ದೇನೆ. ಅವನ ಮಗ ಅವುಗಳ ಹಿಂಬದಿಯಲ್ಲಿ ಬಸ್ಸು ಬಿಡಿಸುತ್ತಾನೆ.