ಕಾರ್ಕ್‌ನಲ್ಲಿ ಒಂದು ದಿನ: ಆತುರ ಬೇಡ ಮಾರಾಯ್ರೇ

ಹೊಸದಾಗಿ ಐರ್ಲೆಂಡಿನ ಕಾರ್ಕ್‌ಗೆ ಬಂದವರು ನನ್ನನ್ನು ಮೊದಲು ಕೇಳುವುದು ಒಂದೇ. "ಶನಿವಾರ ಒಂದೇ ದಿನದಲ್ಲಿ ಏನೇನು ಕವರ್ ಮಾಡಬಹುದು?"

ಈ ಕವರ್ ಮಾಡೋ ಚಟ ನನಗೂ ಇತ್ತು. ಬಂದ ಮೊದಲ ಶನಿವಾರ ಹನ್ನೊಂದು ಜಾಗದ ಪಟ್ಟಿ ಹಿಡಿದು, ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಹೊರಡಿಸಿಕೊಂಡು ಹೋದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ ಎಲ್ಲ ಒಂದೇ ದಿನ ಮುಗಿಸುವ ಟೆಂಪೋ ಟ್ರಾವೆಲರ್ ಲೆಕ್ಕ. ಐದನೇ ಜಾಗದ ಹೊತ್ತಿಗೆ ಮಗಳು ಫುಟ್‌ಪಾತ್ ಮೇಲೆ ಕೂತುಬಿಟ್ಟಳು. ಡಬ್ಬಿಯ ಪುಳಿಯೋಗರೆ ತಣ್ಣಗೆ ಗಟ್ಟಿಯಾಗಿತ್ತು. ಹೆಂಡತಿ ಮಾತು ಬಿಟ್ಟಿದ್ದಳು. ಅದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಪಿಪಿಎಸ್ ನಂಬರ್ (ನಮ್ಮ ಆಧಾರ್ ಇದ್ದ ಹಾಗೆ), ಐಆರ್‌ಪಿ ಅನ್ನುವ ವಾಸದ ಪರವಾನಗಿ ಕಾರ್ಡ್, ಬ್ಯಾಂಕ್ ಖಾತೆ ಇವೆಲ್ಲ ಹೇಗೋ ಆಗುತ್ತವೆ, ಆಫೀಸಿನವರೇ ದಾರಿ ಹೇಳುತ್ತಾರೆ. ಬಸ್ಸಿಗೆ ಲೀಪ್ ಕಾರ್ಡ್ ಅನ್ನುವ ದುಡ್ಡು ತುಂಬಿಸುವ ಪ್ರಯಾಣದ ಕಾರ್ಡ್ ಮಾಡಿಸಿ. ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ, ಇಲ್ಲಿ ಎಲ್ಲರೂ ಹೇಳುತ್ತಾರೆ. ಅಷ್ಟು ಸಾಕು.

ಮಳೆಯ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆ ಮಳೆ ಕಂಡವನಿಗೆ ಇವರೇನು ಮಳೆ ತೋರಿಸುತ್ತಾರೆ ಅಂತ ಜಂಬದಿಂದ ಕೊಡೆ ಬಿಚ್ಚಿದೆ. ನಮ್ಮ ಮಳೆ ಮೇಲಿಂದ ಬರುತ್ತದೆ, ಇಲ್ಲಿಯದು ಪಕ್ಕದಿಂದ. ಪ್ಯಾಟ್ರಿಕ್ ಸ್ಟ್ರೀಟ್ ದಾಟುವಷ್ಟರಲ್ಲಿ ಕೊಡೆ ಮಗುಚಿ ಕಡ್ಡಿ ಮುರಿಯಿತು. ತಲೆ ಮುಚ್ಚುವ ಜಾಕೆಟ್ ತೆಗೆದುಕೊಳ್ಳಿ, ಕೊಡೆ ಊರಲ್ಲೇ ಇರಲಿ. ಜಾರ್ಜ್ ಬೂಲ್ ಗೊತ್ತಲ್ಲ? ಬೆಂಗಳೂರಿಂದ ಬಂದ ನಮ್ಮ ಸಾಫ್ಟ್‌ವೇರ್ ಮಂದಿ ದಿನಾ ಬಳಸುವ, ನಿಜ-ಸುಳ್ಳು ಎರಡೇ ಉತ್ತರದ ಬೂಲಿಯನ್ ಲೆಕ್ಕದ ಆ ಬೂಲ್. ಇಲ್ಲಿನ ಕಾಲೇಜಿನ ಮೊದಲ ಗಣಿತ ಪ್ರೊಫೆಸರ್. ಅದೇ ಈಗ ಯುಸಿಸಿ, ಅಂದರೆ ಯೂನಿವರ್ಸಿಟಿ ಕಾಲೇಜ್ ಕಾರ್ಕ್. 1864ರ ಚಳಿಗಾಲದಲ್ಲಿ ಮಳೆಯಲ್ಲಿ ನೆನೆಯುತ್ತಾ ಕಾಲೇಜಿಗೆ ನಡೆದು ಬಂದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಕಾಯಿಲೆ ಬಿದ್ದು ತೀರಿಹೋದರು. ಆಗ ಅವರಿಗೆ ಬರೀ 49. ನಮ್ಮ ಅಜ್ಜಿ ಇದ್ದಿದ್ದರೆ ತಲೆ ಒರೆಸಿ, ಬೈದು, ಕಾಳುಮೆಣಸಿನ ಕಷಾಯ ಕುಡಿಸುತ್ತಿದ್ದರು.

ಅಂದ ಹಾಗೆ, ಆ ಪ್ಯಾಟ್ರಿಕ್ ಸ್ಟ್ರೀಟ್ ಹಾವಿನ ಹಾಗೆ ಬಳುಕಿರುವುದು ಸುಮ್ನೆ ಅಲ್ಲ. ಮೊದಲು ಅಲ್ಲಿ ಲೀ ನದಿಯ ಕವಲು ಹರಿಯುತ್ತಿತ್ತು, ದೋಣಿಗಳು ಬರುತ್ತಿದ್ದವು. ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ ನಾವು ಇದಕ್ಕೆ ಬೆರಗಾಗಬೇಕಿಲ್ಲ.

ಬೆಳಿಗ್ಗೆ ನೇರ ಇಂಗ್ಲಿಷ್ ಮಾರ್ಕೆಟ್‌ಗೆ ಹೋಗಿ. 1788ರಿಂದ ಇದೆ. ಭಾನುವಾರ ಮುಚ್ಚಿರುತ್ತದೆ. ತೆರೆದಿದ್ದರೂ ನಾನು ಮೊದಲ ಸಲ ಬಾಗಿಲಲ್ಲೇ ತಿರುಗಿದ್ದೆ. ಮೀನಿನ ವಾಸನೆ, ತೂಗುಹಾಕಿದ ಮಾಂಸ, ಡ್ರಿಶೀನ್ ಅನ್ನುವ ರಕ್ತದ ಸಾಸೇಜ್. ಸಸ್ಯಾಹಾರಿಗೆ ಇಲ್ಲೇನು ಕೆಲಸ ಅಂತ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆ. ಒಳಗೆ ಆಗಷ್ಟೇ ಸುಟ್ಟ ಬ್ರೆಡ್, ಆಲಿವ್, ಚೀಸ್ ಎಲ್ಲ ಇತ್ತು. ಬೆಣ್ಣೆ ಸವರಿದ ಮೊಟ್ಟೆ ಅಂತ ಒಂದಿದೆ, ನಾನು ತಿನ್ನದಿದ್ದರೂ ನೋಡಲು ನಿಲ್ಲುತ್ತೇನೆ. ಕೋಳಿ ಆಗ ತಾನೇ ಇಟ್ಟ ಬೆಚ್ಚನೆ ಮೊಟ್ಟೆಯನ್ನು ಬೆಣ್ಣೆ ಹಚ್ಚಿದ ಅಂಗೈಯಲ್ಲಿ ಹೊರಳಿಸುತ್ತಾರೆ. ಚಿಪ್ಪಿನ ಸಣ್ಣ ರಂಧ್ರ ಮುಚ್ಚಿ ಮೊಟ್ಟೆ ಜಾಸ್ತಿ ದಿನ ಬಾಳುತ್ತದೆ. ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತದೆ.

ಬೆಣ್ಣೆಗೆ ಈ ಊರು ಒಂದು ಕಾಲಕ್ಕೆ ಲೋಕಪ್ರಸಿದ್ಧ. ಅದಕ್ಕೊಂದು ಮ್ಯೂಸಿಯಮ್ಮೇ ಇದೆ, ಶಾಂಡನ್ ಅನ್ನುವ ಗುಡ್ಡದ ಬಡಾವಣೆಯಲ್ಲಿ. ನಾನೂ ಖುಷಿಯಿಂದ ನಾಲ್ಕು ಪ್ಯಾಕೆಟ್ ತಂದು ತುಪ್ಪ ಕಾಯಿಸಿದೆ. ಘಮ್ಮೆಂದಿತು. ನಮ್ಮಮ್ಮ ಮಾಡುತ್ತಿದ್ದ ಹಾಗೆ ತಳದ ಗಸಿಗೆ ಸಕ್ಕರೆ ಕಲಸಿ ಮಗಳ ಬಾಯಿಗಿಟ್ಟೆ. ಅವಳು ಥೂ ಅಂತ ಉಗಿದಳು. ಪ್ಯಾಕೆಟ್ ನೋಡಿದರೆ ಉಪ್ಪು ಹಾಕಿದ ಬೆಣ್ಣೆ! ಆ ಉಪ್ಪೆಲ್ಲ ತಳಕ್ಕಿಳಿದಿತ್ತು. 'ಅನ್‌ಸಾಲ್ಟೆಡ್' ಅಂತ ಓದಿಯೇ ಕೊಳ್ಳಿ. ಅವಳಿಗೆ ಗಸಿ ಅಂದರೆ ಇವತ್ತಿಗೂ ಉಪ್ಪೇ. ಅದೊಂದು ನನಗೆ ಹೊಟ್ಟೆ ಉರಿಯುವ ವಿಷಯ.

ಮಧ್ಯಾಹ್ನ ಬ್ರೆಡ್, ಚೀಸ್ ಕಟ್ಟಿಸಿಕೊಂಡು ಫಿಟ್ಜ್‌ಜೆರಾಲ್ಡ್ ಪಾರ್ಕ್‌ನಲ್ಲಿ ಕೂರಿ. ಪಕ್ಕದ ತೂಗುಸೇತುವೆಗೆ ಎಲ್ಲರೂ ಶೇಕಿ ಬ್ರಿಜ್, ಅಂದರೆ ಅಲುಗಾಡುವ ಸೇತುವೆ ಅನ್ನುತ್ತಾರೆ. ಮಕ್ಕಳು ಕುಣಿಯಲಿ, ಬಿಡಿ. ಕೂತಲ್ಲಿ ಯಾರಾದರೂ "ಹೌ ಆರ್ ಯೂ" ಅಂದರೆ ನನ್ನ ಹಾಗೆ ಬೆನ್ನುನೋವಿನ ಕಥೆ ಶುರು ಮಾಡಬೇಡಿ. ಅದು ಪ್ರಶ್ನೆಯಲ್ಲ, ನಮ್ಮ "ಊಟ ಆಯ್ತಾ" ಇದ್ದ ಹಾಗೆ.

ಮುಚ್ಚುವ ಹೊತ್ತು ನೋಡಿಕೊಂಡು ಶಾಂಡನ್ ಗುಡ್ಡ ಹತ್ತಿ. ಸೇಂಟ್ ಆನ್ಸ್ ಚರ್ಚ್ ಗೋಪುರದ ಎರಡು ಮುಖ ಕೆಂಪು ಕಲ್ಲು, ಎರಡು ಬಿಳಿ. ನಾಲ್ಕು ಕಡೆಯ ಗಡಿಯಾರ ಒಂದೊಂದು ಟೈಮ್ ತೋರಿಸುತ್ತಿದ್ದುದರಿಂದ ಊರವರು ಅದಕ್ಕೆ 'ನಾಲ್ಕು ಮುಖದ ಸುಳ್ಳ' ಅಂತ ಹೆಸರಿಟ್ಟಿದ್ದಾರೆ. ತುದಿಗೆ 132 ಮೆಟ್ಟಿಲು. ಆದರೆ ಮೊದಲ ಮಹಡಿಯಲ್ಲೇ ನಿಲ್ಲಿ. ಅಲ್ಲಿ ಎಂಟು ಹಗ್ಗ, ನಂಬರ್ ಹಾಕಿದ್ದಾರೆ. 1752ರಿಂದ ಬಾರಿಸುತ್ತಿರುವ ಗಂಟೆಗಳನ್ನು ಟಿಕೆಟ್ ಕೊಂಡವರು ಯಾರು ಬೇಕಾದರೂ ಎಳೆಯಬಹುದು. ಹೀಗೆ ಎಳೆ ಅಂತ ನಂಬರ್ ಬರೆದ ಹಾಳೆಗಳೂ ಇರುತ್ತವೆ.

ಹೋದ ವರ್ಷ ನನ್ನ ಹೆಂಡತಿ ಹಾಳೆ ಪಕ್ಕಕ್ಕಿಟ್ಟಳು. ಎಂಟು ಹಗ್ಗ ಎಣಿಸಿದಳು. ಆಮೇಲೆ ಒಂದೊಂದೇ ಎಳೆದಳು. ಸ, ರಿ, ಗ, ಮ. ಚಿಕ್ಕಂದಿನಲ್ಲಿ ಕಲಿತ ಸರಳೆ ವರಸೆ! ನಮ್ಮ ಪಾಠ ಮಾಯಾಮಾಳವಗೌಳ ರಾಗದಲ್ಲಿ, ಈ ಗಂಟೆಗಳ ಸ್ವರ ಬೇರೆ. ಹಾಗಾಗಿ ಅದು ಶಂಕರಾಭರಣವಾಗಿ ಹೊರಬಂತು. ಇಡೀ ಶಾಂಡನ್ ಕೇಳಿಸಿಕೊಂಡಿತು, ತಪ್ಪುಗಳ ಸಮೇತ.

ಆಗ ಹತ್ತು ವರ್ಷದವಳಾಗಿದ್ದ ಮಗಳು ತನ್ನ ಕಾರ್ಕ್ ರಾಗದ ಇಂಗ್ಲಿಷಿನಲ್ಲಿ ಕೇಳಿದಳು, ಇದು ಯಾವ ಹಾಡು ಅಂತ.

"ಹಾಡಲ್ಲ ಪುಟ್ಟಿ," ಅಂದಳು ಅವಳಮ್ಮ. "ಹಾಡು ಕಲಿಯೋಕೆ ಮೊದಲು ಇದನ್ನ ಕಲೀಬೇಕು."

"ಮತ್ತೆ ನಂಗ್ಯಾಕೆ ಕಲಿಸಿಲ್ಲ?"

ಹಿಂದೆ ಜನ ಕಾಯುತ್ತಿದ್ದರು. ಹಗ್ಗ ಅವಳ ಕೈಗೆ ಕೊಟ್ಟು ಪಕ್ಕಕ್ಕೆ ನಿಂತೆವು.